ನೆಚ್ಚಿನ ಗೇಮ್ ಆಟಗಾರರಿಗೆ ಹಣ ಕೊಡಬೇಕೇ? ಕೊಡುವುದಾದರೆ ಹೇಗೆ?

ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಅಥವಾ ವ್ಯಾಲರಂಟ್ ಎಂಬ ವೀಡಿಯೊ ಗೇಮ್‌ಗಳ ಟೂರ್ನಿ ನಡೆಯುವ ದಿನಗಳಲ್ಲಿ ಓದುಗರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ರೀತಿಯಲ್ಲಿ ಕೇಳುತ್ತಾರೆ. ನಾನು ಮೆಚ್ಚುವ ಆಟಗಾರನಿಗೆ ಹಣ ಕಳುಹಿಸಬೇಕೇ? ಅವನಿಗೆ ಸಂಬಳ ಇರುವಾಗ ನನ್ನ ಐವತ್ತು ರೂಪಾಯಿ ಏಕೆ ಬೇಕು? ಕಳುಹಿಸಿದರೆ ಅದರಲ್ಲಿ ಎಷ್ಟು ಅವನ ಕೈ ಸೇರುತ್ತದೆ? ತಂದೆ ತಾಯಂದಿರು ಕೇಳುವುದು ಇನ್ನೊಂದು: ಮಕ್ಕಳು ಹೀಗೆ ಕೊಡುವ ಹಣ ಜೂಜಿನ ಲೆಕ್ಕಕ್ಕೆ ಬರುತ್ತದೆಯೇ?

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಕೊಡಬಹುದು, ಯೋಚಿಸಿ ಕೊಟ್ಟರೆ ಅದರಿಂದ ನಿಜವಾದ ಉಪಕಾರವಾಗುತ್ತದೆ. ಆದರೆ ಅಭಿಮಾನಿಗಳ ಹಣ ಇಂದು ಹೆಚ್ಚಾಗಿ ಹರಿಯುತ್ತಿರುವುದು ಅದರ ಅಗತ್ಯ ತೀರ ಕಡಿಮೆ ಇರುವವರ ಕಡೆಗೆ. ಲಕ್ಷಾಂತರ ಜನ ನೋಡುವ ತಾರಾ ಆಟಗಾರನಿಗೆ ನಿಮ್ಮ ನೂರು ರೂಪಾಯಿಯಿಂದ ಏನೂ ಬದಲಾಗುವುದಿಲ್ಲ. ಸಂಸ್ಥೆಯ ಬೆಂಬಲವಿಲ್ಲದೆ ಹಳೆಯ ಫೋನ್‌ನಲ್ಲಿ ಅರ್ಹತಾ ಸುತ್ತು ಆಡುತ್ತಿರುವ ಹಾಸನದ ಹುಡುಗನಿಗೋ ಕಲಬುರಗಿಯ ಹುಡುಗಿಗೋ ಅದೇ ನೂರರಂತೆ ಐವತ್ತು ಜನ ಕೊಟ್ಟರೆ ಒಂದು ಟೂರ್ನಿಯ ಪ್ರಯಾಣದ ಖರ್ಚು ನೀಗುತ್ತದೆ. ಈ ವ್ಯತ್ಯಾಸ ಮನಸ್ಸಿನಲ್ಲಿರಲಿ, ಮುಂದಿನ ಹಂತಗಳೆಲ್ಲ ಇದರ ಮೇಲೆಯೇ ನಿಂತಿವೆ.

ಕೆಲವು ಪದಗಳ ಪರಿಚಯ ಬೇಕು. ಇ-ಸ್ಪೋರ್ಟ್ಸ್ ಎಂದರೆ ವೀಡಿಯೊ ಗೇಮ್‌ಗಳ ಸ್ಪರ್ಧಾತ್ಮಕ, ನಿಯಮಬದ್ಧ ಟೂರ್ನಿಗಳು. ಆಟಗಾರನೊಬ್ಬ ತನ್ನ ಆಟವನ್ನು ಯೂಟ್ಯೂಬ್, ಟ್ವಿಚ್, ಲೋಕೋ ಮುಂತಾದ ಕಡೆ ನೇರ ಪ್ರಸಾರ ಮಾಡುವುದು ಸ್ಟ್ರೀಮಿಂಗ್. ತಂಡವನ್ನು ಸಾಕುವ ಸಂಸ್ಥೆಯನ್ನು ಈ ವಲಯದಲ್ಲಿ ‘ಆರ್ಗ್’ ಎನ್ನುತ್ತಾರೆ. ಆರ್ಗ್ ಇಲ್ಲದೆ ತಾವೇ ಸೇರಿ ಕಟ್ಟಿಕೊಂಡ ತಂಡಕ್ಕೆ ‘ಅಂಡರ್‌ಡಾಗ್’ ಎಂಬ ಹೆಸರು ರೂಢಿಯಲ್ಲಿದೆ. ಟೂರ್ನಿಗೆ ಮೊದಲು ತಂಡದವರೆಲ್ಲ ಒಂದೇ ಮನೆಯಲ್ಲಿದ್ದು ಅಭ್ಯಾಸ ಮಾಡುವುದು ‘ಬೂಟ್‌ಕ್ಯಾಂಪ್’.

ಇನ್ನು ನಿಮ್ಮ ಬಳಿ ಇರಬೇಕಾದವು: ನಿಮ್ಮದೇ ಹೆಸರಿನ ಪಾವತಿ ಖಾತೆ, 18 ವರ್ಷ ತುಂಬಿದ ವಯಸ್ಸು, ತಿಂಗಳಿಗೆ ಇಷ್ಟೇ ಎಂದು ಬರೆದಿಟ್ಟುಕೊಂಡ ಒಂದು ಮೊತ್ತ. 18 ತುಂಬದವರು ಮಾಡಿಕೊಂಡ ಒಪ್ಪಂದಕ್ಕೆ ಭಾರತೀಯ ಕರಾರು ಕಾಯ್ದೆಯಲ್ಲಿ ಮಾನ್ಯತೆ ಇಲ್ಲ. ನೀವು ಇನ್ನೂ ಶಾಲೆ ಅಥವಾ ಪಿಯುಸಿ ಓದುತ್ತಿದ್ದರೆ ಹಂತ 7ಕ್ಕೆ ನೇರವಾಗಿ ಹೋಗಿ, ನೀವು ಮಾಡಬಹುದಾದ ಕೆಲಸ ಅಲ್ಲಿದೆ.

ಹಂತ 1: ಆಟಗಾರನ ಆದಾಯ ಎಲ್ಲಿಂದ ಬರುತ್ತದೆ ಎಂದು ನೋಡಿ

ವೃತ್ತಿಪರ ಆಟಗಾರನಿಗೆ ನಾಲ್ಕು ಕಡೆಯಿಂದ ಹಣ ಬರಬಹುದು: ಆರ್ಗ್ ಕೊಡುವ ಸಂಬಳ, ಬಹುಮಾನದ ಪಾಲು, ಪ್ರಾಯೋಜಕರು, ಸ್ಟ್ರೀಮಿಂಗ್. ನಾಲ್ಕೂ ಇರುವವರು ಕೈಬೆರಳೆಣಿಕೆಯವರು. ಬಹುಮಾನದ ಮೊತ್ತವನ್ನು ಸುದ್ದಿಯಲ್ಲಿ ಕಂಡು ಮೋಸಹೋಗಬೇಡಿ. ಆ ಮೊತ್ತದಲ್ಲಿ ಆರ್ಗ್‌ನ ಪಾಲು ಹೋಗಿ, ತೆರಿಗೆ ಹೋಗಿ, ಉಳಿದದ್ದು ನಾಲ್ಕೈದು ಆಟಗಾರರ ನಡುವೆ, ಎಷ್ಟೋ ತಂಡಗಳಲ್ಲಿ ತರಬೇತುದಾರನನ್ನೂ ಸೇರಿಸಿ, ಹಂಚಿಕೆಯಾಗುತ್ತದೆ. ಕೆಳಗಿನ ಸ್ಥಾನಗಳಲ್ಲಿ ಮುಗಿಸಿದ ತಂಡಕ್ಕೆ ಸಿಗುವುದು ಬೂಟ್‌ಕ್ಯಾಂಪ್‌ನ ಖರ್ಚಿಗೂ ಸಾಲದಿರಬಹುದು.

ಅಭಿಮಾನಿಗಳ ಹಣದಿಂದಲೇ ಬಹುಮಾನ ಬೆಳೆದ ಅತಿ ದೊಡ್ಡ ಉದಾಹರಣೆ ಡೋಟಾ 2 ಆಟದ ‘ದಿ ಇಂಟರ್‌ನ್ಯಾಷನಲ್’ ಟೂರ್ನಿ. ಅದನ್ನು ನಡೆಸುವ ವಾಲ್ವ್ ಕಂಪನಿ 2013ರಿಂದ ಆಟದೊಳಗೆ ಒಂದು ಡಿಜಿಟಲ್ ಪುಸ್ತಿಕೆಯನ್ನು ಮಾರಿ, ಮಾರಾಟದ ಶೇ 25ನ್ನು ಬಹುಮಾನಕ್ಕೆ ಸೇರಿಸತೊಡಗಿತು. 2011ರಲ್ಲಿ 16 ಲಕ್ಷ ಡಾಲರ್ ಇದ್ದ ಒಟ್ಟು ಬಹುಮಾನ 2021ರಲ್ಲಿ 4 ಕೋಟಿ ಡಾಲರ್ ದಾಟಿತು. ಆ ವರ್ಷ ಬುಕಾರೆಸ್ಟ್‌ನಲ್ಲಿ ಗೆದ್ದ ಟೀಮ್ ಸ್ಪಿರಿಟ್ ಪಾಲಿಗೆ ಬಂದದ್ದು 1 ಕೋಟಿ 82 ಲಕ್ಷ ಡಾಲರ್. ಕೊನೆಯ ಸ್ಥಾನದ ತಂಡಗಳಿಗೆ ತಲಾ ಸುಮಾರು 1 ಲಕ್ಷ ಡಾಲರ್. ಅಲ್ಲಿ ಆಡಿದ 18 ತಂಡಗಳ ಆಚೆಗಿದ್ದ ನೂರಾರು ಆಟಗಾರರಿಗೆ ಆ ನಿಧಿಯಿಂದ ಏನೂ ಇಲ್ಲ. ಅಭಿಮಾನಿಗಳು ಕೊಟ್ಟ ಪ್ರತಿ ನಾಲ್ಕು ರೂಪಾಯಿಯಲ್ಲಿ ಮೂರು ಕಂಪನಿಗೆ ಹೋಯಿತು. 2023ರಲ್ಲಿ ಕಂಪನಿ ಆ ಪದ್ಧತಿಯಿಂದ ಹಿಂದೆ ಸರಿದಾಗ ಬಹುಮಾನ ಒಮ್ಮೆಲೇ 30 ಲಕ್ಷ ಡಾಲರ್ ಆಸುಪಾಸಿಗೆ ಇಳಿಯಿತು. ಹತ್ತು ವರ್ಷ ಅಭಿಮಾನಿಗಳು ಸುರಿದ ಹಣದಿಂದ ಮಧ್ಯಮ ಹಂತದ ಆಟಗಾರರಿಗೆ ಸ್ಥಿರವಾದ ಸಂಬಳವಾಗಲಿ ಲೀಗ್ ಆಗಲಿ ಉಳಿಯಲಿಲ್ಲ ಎಂಬುದು ನನ್ನನ್ನು ಈಗಲೂ ಕಾಡುತ್ತದೆ.

ನಮ್ಮಲ್ಲಿ ಸಮಸ್ಯೆ ಇನ್ನೊಂದು ಬಗೆಯದು. ಪಬ್‌ಜಿ ಮೊಬೈಲ್ 2020ರ ಸೆಪ್ಟೆಂಬರ್‌ನಲ್ಲಿ ನಿಷೇಧವಾಯಿತು. 2021ರ ಜುಲೈನಲ್ಲಿ ಅದೇ ಆಟ ಬಿಜಿಎಂಐ ಹೆಸರಿನಲ್ಲಿ ಬಂದಿತು. 2022ರ ಜುಲೈ 28ರಂದು ಅದೂ ಆ್ಯಪ್ ಅಂಗಡಿಗಳಿಂದ ಮಾಯವಾಗಿ, 2023ರ ಮೇ ತಿಂಗಳಲ್ಲಿ ಮರಳಿತು. ಆ ಹತ್ತು ತಿಂಗಳು ಟೂರ್ನಿಯೂ ಇಲ್ಲ, ಬಹುಮಾನವೂ ಇಲ್ಲ. ಸ್ಟ್ರೀಮಿಂಗ್‌ನಲ್ಲಿ ಹೆಸರು ಮಾಡಿದ್ದವರು ಬೇರೆ ಆಟ ಆಡಿ ಬದುಕಿಕೊಂಡರು. ಆಡುವುದು ಮಾತ್ರ ಗೊತ್ತಿದ್ದು, ಕ್ಯಾಮೆರಾ ಮುಂದೆ ಮಾತನಾಡಲು ಬಾರದವರು ಕಷ್ಟಪಟ್ಟರು. ಒಂದು ಸರ್ಕಾರಿ ಆದೇಶಕ್ಕೆ ಇಡೀ ವೃತ್ತಿಯೇ ನಿಂತುಹೋಗಬಹುದಾದ ಕಡೆ ಅಭಿಮಾನಿಗಳ ಬೆಂಬಲಕ್ಕೆ ಅರ್ಥವಿದೆ ಎಂದು ನಾನು ಹೇಳುವುದು ಇದಕ್ಕೇ.

ಹಾಗಾದರೆ ನೀವು ಮಾಡಬೇಕಾದದ್ದು: ಆಟಗಾರ ಯಾವ ಆರ್ಗ್‌ನಲ್ಲಿದ್ದಾನೆ, ಅವನ ಜೆರ್ಸಿಯ ಮೇಲೆ ಪ್ರಾಯೋಜಕರ ಗುರುತು ಎಷ್ಟಿವೆ, ಅವನ ನೇರ ಪ್ರಸಾರವನ್ನು ಒಮ್ಮೆಗೆ ಎಷ್ಟು ಜನ ನೋಡುತ್ತಾರೆ ಎಂದು ಗಮನಿಸಿ. ಈ ಮೂರೂ ದಂಡಿಯಾಗಿದ್ದರೆ ನಿಮ್ಮ ಹಣ ಮನರಂಜನೆಯ ಬೆಲೆ ಮಾತ್ರ. ಹಾಗೆ ಕೊಡುವುದರಲ್ಲಿ ತಪ್ಪಿಲ್ಲ, ಆದರೆ ಅದನ್ನು ಸಹಾಯ ಎಂದು ತಿಳಿದುಕೊಳ್ಳಬೇಡಿ.

ಹಂತ 2: ಯಾವ ಲೆಕ್ಕದಲ್ಲಿ ಕೊಡುತ್ತಿದ್ದೀರಿ ಎಂದು ನಿರ್ಧರಿಸಿ

ಹಣ ಕೊಡುವುದರಲ್ಲಿ ಮೂರು ಬಗೆ. ನೀವು ಪಡೆದ ಮನರಂಜನೆಗೋ ಕಲಿಕೆಗೋ ಕೊಡುವ ಬೆಲೆ ಒಂದು. ನಿರ್ದಿಷ್ಟ ಖರ್ಚಿಗೆ ಕೊಡುವ ನೆರವು ಇನ್ನೊಂದು. ಮೂರನೆಯದು, ಗೆದ್ದರೆ ತನಗೂ ಪಾಲು ಬರುತ್ತದೆಂಬ ಆಸೆಯಿಂದ ಹಾಕುವ ಹಣ. ಈ ಮೂರನೆಯದರ ಹತ್ತಿರವೂ ಸುಳಿಯಬೇಡಿ.

2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ ಇಲ್ಲಿ ಗೆರೆ ಎಳೆಯುತ್ತದೆ. ಹಣ ಕಟ್ಟಿ, ಪ್ರತಿಯಾಗಿ ಹಣ ಗೆಲ್ಲುವ ನಿರೀಕ್ಷೆಯಿಂದ ಆಡುವ ಆಟಗಳನ್ನು ಅದು ನಿಷೇಧಿಸಿದೆ. ಕೌಶಲದ ಆಟ, ಅದೃಷ್ಟದ ಆಟ ಎಂಬ ಭೇದ ಅಲ್ಲಿಲ್ಲ. ಅಂಥ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡವಿದೆ. ಇ-ಸ್ಪೋರ್ಟ್ಸ್ ಅನ್ನು ಅದೇ ಕಾಯ್ದೆ ಪ್ರತ್ಯೇಕವಾಗಿ ಗುರುತಿಸಿ ಪ್ರೋತ್ಸಾಹಿಸುತ್ತದೆ. ಅಲ್ಲಿ ಪ್ರವೇಶ ಶುಲ್ಕ ಇರಬಹುದು, ಸಾಧನೆಗೆ ಬಹುಮಾನ ಇರಬಹುದು, ಬಾಜಿ ಮಾತ್ರ ಯಾರೂ ಕಟ್ಟುವಂತಿಲ್ಲ. ತಂದೆ ತಾಯಂದಿರ ಪ್ರಶ್ನೆಗೆ ಉತ್ತರ ಇಲ್ಲಿದೆ: ಆಟಗಾರನಿಗೆ ಮೆಚ್ಚುಗೆಯಿಂದ ಕೊಡುವ ಹಣ ಜೂಜಲ್ಲ. “ನನ್ನ ತಂಡಕ್ಕೆ ಸಾವಿರ ಹಾಕಿ, ಗೆದ್ದರೆ ಎರಡು ಸಾವಿರ ಕೊಡುತ್ತೇನೆ” ಎಂದು ಯಾರಾದರೂ ಹೇಳಿದರೆ ಅದು ಬಾಜಿ. ಟೆಲಿಗ್ರಾಂ ಗುಂಪುಗಳಲ್ಲಿ ಇಂಥ ಕರೆಗಳು ಬಂದರೆ ಅಲ್ಲಿಂದ ಹೊರಬನ್ನಿ.

ಬಾಜಿಯ ಬಗ್ಗೆ ನಾನು ಇಷ್ಟು ಕಟುವಾಗಿ ಬರೆಯಲು ಕಾರಣ ದಕ್ಷಿಣ ಕೊರಿಯಾದಲ್ಲಿದೆ. ಸ್ಟಾರ್‌ಕ್ರಾಫ್ಟ್ ಆಟ ಅಲ್ಲಿ ಟಿವಿಯಲ್ಲಿ ಪ್ರಸಾರವಾಗುವ ವೃತ್ತಿಪರ ಕ್ರೀಡೆಯಾಗಿ ಬೆಳೆದಿತ್ತು. 2010ರಲ್ಲಿ ಅಕ್ರಮ ಬಾಜಿಗಾಗಿ ಪಂದ್ಯಗಳನ್ನು ಬೇಕೆಂದೇ ಸೋತ ಪ್ರಕರಣ ಹೊರಬಂದು, ಅಲ್ಲಿನ ಇ-ಸ್ಪೋರ್ಟ್ಸ್ ಸಂಘ 11 ಆಟಗಾರರನ್ನು ಶಾಶ್ವತವಾಗಿ ನಿಷೇಧಿಸಿತು. ಅವರಲ್ಲಿ ಹಿಂದಿನ ಚಾಂಪಿಯನ್ ಕೂಡ ಇದ್ದರು. ಆ ಪೆಟ್ಟಿನ ಬಳಿಕ 2012ರ ಹೊತ್ತಿಗೆ ಹಳೆಯ ಸ್ಟಾರ್‌ಕ್ರಾಫ್ಟ್‌ನ ವೃತ್ತಿಪರ ಲೀಗ್‌ಗಳು ಮುಗಿದವು.

ಆಮೇಲೆ ನಡೆದದ್ದು ಅಭಿಮಾನಿಗಳ ಬೆಂಬಲಕ್ಕೆ ನಾನು ಕಂಡ ಅತ್ಯುತ್ತಮ ನಿದರ್ಶನ. ಲೀಗ್ ಕಳೆದುಕೊಂಡ ಆಟಗಾರರಲ್ಲಿ ಹಲವರು ಆಗ ಅಫ್ರಿಕಾಟಿವಿ ಎಂಬ ಹೆಸರಿದ್ದ ಕೊರಿಯಾದ ನೇರ ಪ್ರಸಾರ ತಾಣಕ್ಕೆ ಬಂದರು. ಅಲ್ಲಿ ವೀಕ್ಷಕರು ‘ತಾರಾ ಬಲೂನು’ ಎಂಬ ಡಿಜಿಟಲ್ ಉಡುಗೊರೆ ಕೊಂಡು ಕಳುಹಿಸುತ್ತಾರೆ. ಒಂದರ ಬೆಲೆ ತೆರಿಗೆ ಸೇರಿ 110 ವೊನ್, ನಮ್ಮ ಲೆಕ್ಕದಲ್ಲಿ ಏಳು ರೂಪಾಯಿ ಆಸುಪಾಸು. ಪ್ರಾಯೋಜಕರು ಕೈಬಿಟ್ಟ ಆಟವನ್ನು ಈ ಸಣ್ಣ ಉಡುಗೊರೆಗಳು ಉಳಿಸಿದವು. 2016ರಲ್ಲಿ ಅದೇ ತಾಣ ಹೊಸ ಲೀಗ್ ಶುರು ಮಾಡಿತು. ‘ಫ್ಲ್ಯಾಶ್’ ಎಂದು ಹೆಸರಾದ ಲೀ ಯಂಗ್-ಹೋ ಅವರಂಥ ದಿಗ್ಗಜರು ಮತ್ತೆ ಸ್ಪರ್ಧೆಗೆ ಇಳಿದರು. ಇದೇ ಬಲೂನುಗಳಿಗಾಗಿ ಸಾಲ ಮಾಡಿ ಹಾಳಾದ ವೀಕ್ಷಕರೂ ಅಲ್ಲಿದ್ದಾರೆ. ಮಿತಿಯ ವಿಷಯಕ್ಕೆ ಹಂತ 4ರಲ್ಲಿ ಬರುತ್ತೇನೆ.

ಹಂತ 3: ದಾರಿ ಆರಿಸಿ, ಎಷ್ಟು ತಲುಪುತ್ತದೆ ಎಂದು ಲೆಕ್ಕ ಹಾಕಿ

ಸೂಪರ್ ಚಾಟ್: ಯೂಟ್ಯೂಬ್ ನೇರ ಪ್ರಸಾರದಲ್ಲಿ ಹಣ ಕೊಟ್ಟು ನಿಮ್ಮ ಸಂದೇಶವನ್ನು ಎದ್ದು ಕಾಣುವಂತೆ ಮಾಡುವ ವ್ಯವಸ್ಥೆ. ತೆರಿಗೆ ಕಳೆದು ಉಳಿದದ್ದರಲ್ಲಿ ಶೇ 70 ಆಟಗಾರನ ಚಾನೆಲ್‌ಗೆ, ಶೇ 30 ಯೂಟ್ಯೂಬ್‌ಗೆ. ನೀವು ಕೊಟ್ಟ ನೂರು ರೂಪಾಯಿಯೊಳಗೇ ಶೇ 18ರ ಜಿಎಸ್‌ಟಿ ಸೇರಿದ್ದರೆ ಚಾನೆಲ್‌ಗೆ ಉಳಿಯುವುದು 59 ರೂಪಾಯಿ ಆಸುಪಾಸು. ಐಫೋನ್ ಆ್ಯಪ್‌ನಿಂದ ಕೊಟ್ಟರೆ ಆ್ಯಪಲ್‌ನ ಶುಲ್ಕವೂ ಕಡಿತವಾಗುತ್ತದೆ. ಆದ್ದರಿಂದ ಐಫೋನ್ ಬಳಸುವವರು ಬ್ರೌಸರ್ ಮೂಲಕ ಯೂಟ್ಯೂಬ್ ತೆರೆದು ಕೊಡುವುದು ಲೇಸು.

ಮೆಂಬರ್‌ಶಿಪ್: ತಿಂಗಳಿಗಿಷ್ಟು ಎಂದು ತಾನಾಗಿ ಕಡಿತವಾಗುವ ಚಂದಾ. ಯೂಟ್ಯೂಬ್‌ನಲ್ಲಿ ಇದರ ಪಾಲೂ ಶೇ 70, ಟ್ವಿಚ್‌ನಲ್ಲಿ ಸಾಮಾನ್ಯವಾಗಿ ಶೇ 50. ನನ್ನ ಮಟ್ಟಿಗೆ ಸಣ್ಣ ಆಟಗಾರನಿಗೆ ಇದೇ ಒಳ್ಳೆಯ ದಾರಿ. ಒಂದು ರಾತ್ರಿ ಬಂದು ಬೀಳುವ ಸಾವಿರಕ್ಕಿಂತ ಪ್ರತಿ ತಿಂಗಳು ಬರುತ್ತದೆಂದು ಗೊತ್ತಿರುವ ನೂರು ಅವನಿಗೆ ಹೆಚ್ಚು ಉಪಯೋಗ. ಇಂಟರ್‌ನೆಟ್ ಬಿಲ್ಲನ್ನು ಅದರ ಮೇಲೆ ನಂಬಿಕೆಯಿಟ್ಟು ಕಟ್ಟಬಹುದು.

ಯುಪಿಐ: ಅನೇಕ ಸ್ಟ್ರೀಮರ್‌ಗಳು ಪರದೆಯ ಮೂಲೆಯಲ್ಲಿ ಕ್ಯೂಆರ್ ಕೋಡ್ ಹಾಕಿರುತ್ತಾರೆ. ವ್ಯಕ್ತಿಯಿಂದ ವ್ಯಕ್ತಿಗೆ ನೇರವಾಗಿ ಹೋಗುವ ಯುಪಿಐ ಹಣಕ್ಕೆ ಕಡಿತವಿಲ್ಲ, ಪೂರ್ತಿ ತಲುಪುತ್ತದೆ. ಪಾವತಿ ಕಂಪನಿಯ ಪುಟದ ಮೂಲಕ ಹೋದರೆ ಅವರ ಶುಲ್ಕ ಇರುತ್ತದೆ. ಆದರೆ ಯುಪಿಐಯಲ್ಲಿ ನಿಮ್ಮ ಬ್ಯಾಂಕ್ ಖಾತೆಯ ನಿಜ ಹೆಸರು ಎದುರಿನವರಿಗೆ ಕಾಣುತ್ತದೆ. ಯುಪಿಐ ವಿಳಾಸವೇ ನಿಮ್ಮ ಮೊಬೈಲ್ ಸಂಖ್ಯೆಯಾಗಿದ್ದರೆ ಅದೂ ಕಾಣಬಹುದು. ಹೆಣ್ಣುಮಕ್ಕಳು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು; ಮೊಬೈಲ್ ಸಂಖ್ಯೆ ಇಲ್ಲದ ಬೇರೆ ಯುಪಿಐ ವಿಳಾಸ ಮಾಡಿಕೊಳ್ಳಿ, ಇಲ್ಲವೇ ಸೂಪರ್ ಚಾಟ್ ಬಳಸಿ.

ಆಟದೊಳಗಿನ ವಸ್ತುಗಳು: ಕೌಂಟರ್-ಸ್ಟ್ರೈಕ್ ಆಟದ ‘ಮೇಜರ್’ ಎಂಬ ದೊಡ್ಡ ಟೂರ್ನಿಗಳಲ್ಲಿ ತಂಡಗಳ ಗುರುತು, ಆಟಗಾರರ ಸಹಿ ಇರುವ ಡಿಜಿಟಲ್ ಸ್ಟಿಕ್ಕರ್‌ಗಳು ಮಾರಾಟವಾಗುತ್ತವೆ. ಅದರ ಅರ್ಧ ಹಣ ಆಟಗಾರರಿಗೂ ತಂಡಗಳಿಗೂ ಹೋಗುತ್ತದೆ. ವ್ಯಾಲರಂಟ್‌ನಲ್ಲೂ ಪಾಲುದಾರ ತಂಡಗಳ ಹೆಸರಿನ ವಸ್ತುಗಳಿವೆ. ಮುಂಬೈ ಮೂಲದ ಗ್ಲೋಬಲ್ ಇ-ಸ್ಪೋರ್ಟ್ಸ್ ಆ ಆಟದ ಪೆಸಿಫಿಕ್ ಲೀಗ್‌ನಲ್ಲಿ ಆಡುವ ಭಾರತದ ಸಂಸ್ಥೆ, ಅದರ ವಸ್ತುಗಳೂ ಸಿಗುತ್ತವೆ. ಎಚ್ಚರಿಕೆ: ಈ ಪಾಲು ಕಂಪನಿಯಿಂದ ಮೊದಲ ಬಾರಿ ಕೊಂಡಾಗ ಮಾತ್ರ. ಅದೇ ಸ್ಟಿಕ್ಕರನ್ನು ಬೇರೆ ಬಳಕೆದಾರನಿಂದ ಕೊಂಡರೆ ಆಟಗಾರನಿಗೆ ಬಿಡಿಗಾಸೂ ಇಲ್ಲ.

ಜೆರ್ಸಿ ಮುಂತಾದ ಸರಕು: ಇದರ ಲಾಭ ಬಹುಪಾಲು ಆರ್ಗ್‌ನದು. ಆಟಗಾರನಿಗೆ ಪಾಲು ಇದೆಯೇ ಎಂಬುದು ಅವನ ಒಪ್ಪಂದದ ಮೇಲೆ ನಿಂತಿದೆ. ಸ್ಟ್ರೀಮಿಂಗ್ ಆದಾಯದಲ್ಲೂ ಆರ್ಗ್ ಪಾಲು ಪಡೆಯುವ ಒಪ್ಪಂದಗಳಿವೆ. ನೇರ ಪ್ರಸಾರದಲ್ಲಿ ಮರ್ಯಾದೆಯಿಂದ ಕೇಳಿ ನೋಡಿ. ಉತ್ತರಿಸಬಹುದಾದವರು ಉತ್ತರಿಸುತ್ತಾರೆ, ಒಪ್ಪಂದದ ಕಾರಣ ಹೇಳಲಾಗದವರನ್ನು ಒತ್ತಾಯಿಸಬೇಡಿ.

ವಿದೇಶದಲ್ಲಿರುವ ಕನ್ನಡಿಗರಿಗೆ ಸೂಪರ್ ಚಾಟ್ ಅಥವಾ ಮೆಂಬರ್‌ಶಿಪ್ ಸುಲಭ. ಇಲ್ಲಿಂದ ವಿದೇಶಿ ಆಟಗಾರನಿಗೆ ಕೊಡುವುದಾದರೆ ಬ್ಯಾಂಕ್ ವಿಧಿಸುವ ವಿದೇಶಿ ವಿನಿಮಯ ಶುಲ್ಕವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹಂತ 4: ಮಿತಿಯನ್ನು ಪ್ರಸಾರ ಶುರುವಾಗುವ ಮೊದಲೇ ಹಾಕಿ

ಈ ಹಂತವನ್ನು ಜನ ಹಾರಿಸಿಬಿಡುತ್ತಾರೆ, ಹೆಚ್ಚಿನ ಅನಾಹುತ ಆಗುವುದೂ ಇಲ್ಲೇ. ಪಂದ್ಯದ ಕೊನೆಯ ಘಟ್ಟದಲ್ಲಿ ಇಬ್ಬರೇ ಉಳಿದಿದ್ದಾರೆ, ಚಾಟ್ ಭರದಿಂದ ಓಡುತ್ತಿದೆ, ಆಟಗಾರ ಹಣ ಕೊಟ್ಟವರ ಹೆಸರನ್ನು ಕೂಗಿ ಹೇಳುತ್ತಿದ್ದಾನೆ, ಬದಿಯಲ್ಲಿ ಇಂದು ಅತಿ ಹೆಚ್ಚು ಕೊಟ್ಟವರ ಪಟ್ಟಿ ಕಾಣುತ್ತಿದೆ. ಆ ಹೊತ್ತಿಗೆ ಯೋಚಿಸಿ ನಿರ್ಧರಿಸಲು ಯಾರಿಂದಲೂ ಆಗುವುದಿಲ್ಲ. ಆದ್ದರಿಂದ ತಿಂಗಳ ಮೊದಲ ದಿನ ಮನೆಯ ಖರ್ಚು, ಸಾಲದ ಕಂತು, ಉಳಿತಾಯ ತೆಗೆದಿಟ್ಟ ಮೇಲೆ ಮನರಂಜನೆಗೆ ಉಳಿಯುವ ಹಣದ ಒಂದು ಸಣ್ಣ ಭಾಗವನ್ನು ಇದಕ್ಕೆ ಮೀಸಲಿಡಿ. ವಿದ್ಯಾರ್ಥಿಗಳಿಗೆ ತಿಂಗಳಿಗೆ ನೂರು ದಾಟುವುದು ಬೇಡ ಎನ್ನುತ್ತೇನೆ. ಕೆಲಸದಲ್ಲಿರುವವರು ತಾವು ಒಂದು ಸಿನಿಮಾ ನೋಡಲು ಮಾಡುವ ಖರ್ಚನ್ನು ಮೇಲ್ಮಿತಿಯಾಗಿ ಇಟ್ಟುಕೊಳ್ಳಬಹುದು.

ಮಿತಿ ಮೀರದಿರಲು ಎರಡು ಉಪಾಯ. ಯೂಟ್ಯೂಬ್ ಖಾತೆಗೆ ಕಾರ್ಡ್ ಜೋಡಿಸಿಡಬೇಡಿ, ಪ್ರತಿ ಬಾರಿಯೂ ಪಾವತಿಯ ವಿವರ ಹೊಸದಾಗಿ ಕೊಡಬೇಕಾದರೆ ಕೈ ಒಮ್ಮೆ ತಡೆಯುತ್ತದೆ. ಎರಡನೆಯದು, ತಾನಾಗಿ ಕಡಿತವಾಗುವ ಚಂದಾಗಳನ್ನು ಎಣಿಸಿಡಿ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಇಂಥ ಕಡಿತಕ್ಕೆ 24 ಗಂಟೆ ಮೊದಲು ನಿಮಗೆ ಸೂಚನೆ ಬರಬೇಕು; 15,000 ರೂಪಾಯಿವರೆಗಿನ ಕಂತಿಗೆ ಪ್ರತಿ ಸಲ ಒಟಿಪಿ ಕೇಳುವುದಿಲ್ಲ. ಆ ಸೂಚನೆಯನ್ನು ಓದದೆ ಅಳಿಸಿದರೆ ನೋಡುವುದನ್ನೇ ಬಿಟ್ಟ ಚಾನೆಲ್‌ಗೂ ತಿಂಗಳಾನುಗಟ್ಟಲೆ ಹಣ ಹೋಗುತ್ತಿರುತ್ತದೆ.

ಇನ್ನೊಂದು ಮಿತಿ ಮನಸ್ಸಿಗೆ ಸಂಬಂಧಿಸಿದ್ದು. ಕೊಟ್ಟ ಹಣ ಮದುವೆ ಮನೆಯ ಮುಯ್ಯಿಯಲ್ಲ, ಪುಸ್ತಕದಲ್ಲಿ ಬರೆದಿಟ್ಟು ಮುಂದೆ ಮರಳಿ ನಿರೀಕ್ಷಿಸುವಂಥದ್ದಲ್ಲ. ಆಟಗಾರ ನಿಮ್ಮ ಹೆಸರು ತಪ್ಪಾಗಿ ಓದಬಹುದು, ಓದದೆಯೇ ಇರಬಹುದು. ಮುಂದಿನ ಪಂದ್ಯ ಸೋಲಬಹುದು, ತಂಡ ಬಿಡಬಹುದು, ಆಟವನ್ನೇ ಬಿಡಬಹುದು. “ನಾವು ಹಣ ಹಾಕಿದ್ದೇವೆ, ನೀನು ಹೀಗೆ ಸೋಲುವುದೇ” ಎಂದು ಸೋತ ರಾತ್ರಿ ಹದಿನೆಂಟರ ಹುಡುಗನ ಮೇಲೆ ಬೈಗುಳ ಸುರಿಸುವವರನ್ನು ನಾನು ನೋಡಿದ್ದೇನೆ. ಹಾಗೆ ಬೈಯುವವರು ಕೊಟ್ಟದ್ದು ಬೆಂಬಲವಲ್ಲ. ಸೋತರೆ ನನಗೆ ಸಿಟ್ಟು ಬರುತ್ತದೆ ಎಂದು ನಿಮಗೆ ಮೊದಲೇ ಅನ್ನಿಸಿದರೆ ಹಣ ಕೊಡಬೇಡಿ, ಪಂದ್ಯ ನೋಡಿ ಸಾಕು.

ಹಂತ 5: ಖಾತೆ ನಿಜವಾದದ್ದೇ ಎಂದು ಪರೀಕ್ಷಿಸಿ

ಪ್ರಸಿದ್ಧ ಆಟಗಾರರ ಹಳೆಯ ವೀಡಿಯೊಗಳನ್ನು ‘ನೇರ ಪ್ರಸಾರ’ ಎಂದು ಮತ್ತೆ ಹಾಕಿ, ಮೂಲೆಯಲ್ಲಿ ತಮ್ಮ ಕ್ಯೂಆರ್ ಕೋಡ್ ಅಂಟಿಸುವ ನಕಲಿ ಚಾನೆಲ್‌ಗಳಿವೆ. ದೊಡ್ಡ ಚಾನೆಲ್‌ಗಳನ್ನೇ ಕದ್ದು, ಹೆಸರು ಬದಲಿಸಿ, ‘ಕ್ರಿಪ್ಟೊ ಕಳುಹಿಸಿದರೆ ದುಪ್ಪಟ್ಟು’ ಎಂದು ಪ್ರಸಾರ ಮಾಡುವುದೂ ನಡೆಯುತ್ತದೆ. ಹಣ ಕಳುಹಿಸುವ ಮೊದಲು ಹೀಗೆ ಮಾಡಿ:

ಆಟಗಾರನ ತಂಡದ ಅಧಿಕೃತ ಪುಟದಿಂದ ಆರಂಭಿಸಿ, ಅಲ್ಲಿಂದ ಅವನ ಚಾನೆಲ್‌ಗೆ ಹೋಗಿ. ಹುಡುಕಾಟದಲ್ಲಿ ಮೊದಲು ಬಂದ ಚಾನೆಲ್ಲನ್ನು ನಂಬಬೇಡಿ.

ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಕಾಣುವ ಬ್ಯಾಂಕ್ ಹೆಸರನ್ನು ಓದಿ. ಆಟಗಾರನ ನಿಜ ಹೆಸರು, ಅವನ ಪೋಷಕರ ಹೆಸರು ಅಥವಾ ಆರ್ಗ್‌ನ ನೋಂದಾಯಿತ ಹೆಸರು ಇದ್ದರೆ ಸರಿ. ಸಂಬಂಧವೇ ಇಲ್ಲದ ಹೆಸರು ಬಂದರೆ ನಿಲ್ಲಿಸಿ.

ಮೊದಲ ಸಲ ಹತ್ತು ರೂಪಾಯಿ ಕಳುಹಿಸಿ, ಅದು ನೇರ ಪ್ರಸಾರದ ಪರದೆಯಲ್ಲಿ ಕಾಣಿಸುತ್ತದೆಯೇ ನೋಡಿ.

ನಿಮಗೆ ಹಣ ಬರಬೇಕಾದರೆ ಯುಪಿಐ ಪಿನ್ ಹಾಕುವ ಅಗತ್ಯ ಎಂದೂ ಇಲ್ಲ. “ನೀವು ಅದೃಷ್ಟಶಾಲಿ ದಾನಿ, ಉಡುಗೊರೆ ಪಡೆಯಲು ಪಿನ್ ಹಾಕಿ” ಎಂಬ ಸಂದೇಶ ಬಂದರೆ ಅದು ಖಂಡಿತ ವಂಚನೆ.

ಹಂತ 6: ನಿರ್ದಿಷ್ಟ ಖರ್ಚಿಗೆ ನಿಧಿ ಕೇಳಿದಾಗ ಪ್ರಶ್ನಿಸಿ

ಅಂಡರ್‌ಡಾಗ್ ತಂಡಗಳು, ಒಬ್ಬರೇ ಆಡುವ ಆಟಗಳ ಸ್ಪರ್ಧಿಗಳು ಪ್ರಯಾಣಕ್ಕಾಗಿ, ಸಲಕರಣೆಗಾಗಿ ನಿಧಿ ಸಂಗ್ರಹಿಸುವುದುಂಟು. ನಿಮ್ಮ ಹಣಕ್ಕೆ ಅತಿ ಹೆಚ್ಚು ಬೆಲೆ ಸಿಗುವುದು ಇಲ್ಲಿ. ಟೆಕ್ಕನ್, ಸ್ಟ್ರೀಟ್ ಫೈಟರ್‌ನಂಥ ಹೋರಾಟದ ಆಟಗಳನ್ನು ನೋಡಿ. ಅಮೆರಿಕದ ಎವೊ ಟೂರ್ನಿಗೆ ಶುಲ್ಕ ಕಟ್ಟಿ ಯಾರು ಬೇಕಾದರೂ ಸೇರಬಹುದು, ಆದರೆ ಅಲ್ಲಿಗೆ ಹೋಗುವ ಖರ್ಚು ಆಟಗಾರನದು. ಲಾಹೋರ್‌ನ ಅರ್ಸಲಾನ್ ಆಶ್ 2019ರಲ್ಲಿ ಜಪಾನ್ ಮತ್ತು ಲಾಸ್ ವೇಗಸ್‌ನ ಎರಡೂ ಎವೊ ಟೂರ್ನಿಗಳಲ್ಲಿ ಟೆಕ್ಕನ್ ಗೆದ್ದು ಜಗತ್ತನ್ನು ಬೆರಗುಗೊಳಿಸಿದರು. ಅವರ ಊರಿನಲ್ಲಿ ಅಷ್ಟು ಪ್ರತಿಭೆ ಇದೆಯೆಂದು ಹೊರಗಿನವರಿಗೆ ಅಲ್ಲಿಯವರೆಗೆ ತಿಳಿಯದಿದ್ದುದಕ್ಕೆ ವೀಸಾ ಮತ್ತು ಪ್ರಯಾಣದ ಅಡ್ಡಿಗಳೇ ದೊಡ್ಡ ಕಾರಣ. ನಮ್ಮಲ್ಲೂ 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಇ-ಸ್ಪೋರ್ಟ್ಸ್ ಪ್ರದರ್ಶನ ಕ್ರೀಡೆಯಾಗಿದ್ದಾಗ ತೀರ್ಥ್ ಮೆಹ್ತಾ ಹಾರ್ತ್‌ಸ್ಟೋನ್ ಎಂಬ ಇಸ್ಪೀಟಿನಂಥ ಆಟದಲ್ಲಿ ಕಂಚು ತಂದರು. ಅಂಥ ಆಟಗಳಿಗೆ ಇಲ್ಲಿ ಆರ್ಗ್‌ಗಳ ಆಸಕ್ತಿ ಕಡಿಮೆ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇ-ಸ್ಪೋರ್ಟ್ಸ್ ಅನ್ನು ಬಹುಕ್ರೀಡಾ ಕೂಟಗಳ ಭಾಗವೆಂದು ಮಾನ್ಯ ಮಾಡಿ ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ತಂದಿದೆ. ಆದರೆ ಆ ಮಾನ್ಯತೆ ಊರಿನ ಆಟಗಾರನ ರೈಲು ಟಿಕೆಟ್‌ವರೆಗೆ ಇಳಿದು ಬಂದಿಲ್ಲ.

ನಿಧಿ ಕೇಳುವವರಿಗೆ ಈ ಪ್ರಶ್ನೆಗಳನ್ನು ಕೇಳಲು ಸಂಕೋಚ ಬೇಡ. ಯಾವ ಟೂರ್ನಿ, ಯಾವ ದಿನ, ಅರ್ಹತೆ ಪಡೆದ ಪಟ್ಟಿ ಎಲ್ಲಿದೆ? ದೊಡ್ಡ ಟೂರ್ನಿಗಳಲ್ಲಿ ಆಯೋಜಕರೇ ಪ್ರಯಾಣ, ವಸತಿ ಭರಿಸುವುದುಂಟು, ಇಲ್ಲಿ ಹಾಗಿಲ್ಲವೇ? ಒಟ್ಟು ಎಷ್ಟು ಬೇಕು, ಹೇಗೆ ವಿಂಗಡಿಸಿದ್ದೀರಿ? ಹಣ ಯಾರ ಖಾತೆಯಲ್ಲಿ ಇರುತ್ತದೆ? ಆಟಗಾರ 18ಕ್ಕಿಂತ ಚಿಕ್ಕವನಾದರೆ ಪೋಷಕರಿಗೆ ಗೊತ್ತಿದೆಯೇ? ಹೆಚ್ಚು ಬಂದರೆ ಅಥವಾ ಪ್ರಯಾಣ ರದ್ದಾದರೆ ಏನು ಮಾಡುತ್ತೀರಿ? ಕೊನೆಯ ಪ್ರಶ್ನೆ ಮುಖ್ಯ, ಏಕೆಂದರೆ ವೀಸಾ ತಿರಸ್ಕಾರವಾದರೂ ವೀಸಾ ಶುಲ್ಕ ವಾಪಸ್ ಬರುವುದಿಲ್ಲ. ಅದನ್ನು ಮೊದಲೇ ತಿಳಿಸುವ ಆಟಗಾರನನ್ನು ನಂಬಬಹುದು. ಟಿಕೆಟ್, ರಸೀದಿಗಳ ಚಿತ್ರ ಹಾಕುವಂತೆ ಕೇಳಿ. ಕೇಳಿದ್ದಕ್ಕೆ ಸಿಡುಕಿದರೆ ಕೊಡದಿರುವುದೇ ಸರಿ.

ತೆರಿಗೆಯ ಮಾತು: ನೀವು ಕೊಟ್ಟ ಹಣಕ್ಕೆ ಆದಾಯ ತೆರಿಗೆಯಲ್ಲಿ ದೇಣಿಗೆಯ ವಿನಾಯಿತಿ ಸಿಗುವುದಿಲ್ಲ. ಪಡೆಯುವವರಿಗೆ ಸೂಪರ್ ಚಾಟ್, ಮೆಂಬರ್‌ಶಿಪ್ ಆದಾಯವೇ. ಉಡುಗೊರೆಯೆಂದು ಬಂದದ್ದೂ ಬಂಧುಗಳಲ್ಲದವರಿಂದ ವರ್ಷಕ್ಕೆ ಒಟ್ಟು 50,000 ರೂಪಾಯಿ ದಾಟಿದರೆ, ದಾಟಿದ ಭಾಗಕ್ಕಷ್ಟೇ ಅಲ್ಲದೆ ಇಡೀ ಮೊತ್ತಕ್ಕೆ ತೆರಿಗೆ ಬೀಳುತ್ತದೆ. ಹೊಸ ಆಟಗಾರರಿಗೆ ಇದು ತಿಳಿದಿರುವುದಿಲ್ಲ. ನಿಮ್ಮಲ್ಲಿ ಯಾರಾದರೂ ಲೆಕ್ಕಪರಿಶೋಧಕರಿದ್ದರೆ ಒಬ್ಬ ಆಟಗಾರನಿಗೆ ಅರ್ಧ ಗಂಟೆ ಸಲಹೆ ಕೊಡಿ, ಅದು ಯಾವ ಸೂಪರ್ ಚಾಟ್‌ಗೂ ಕಡಿಮೆಯಲ್ಲ.

ಹಂತ 7: ಹಣವಿಲ್ಲದೆ ಬೆಂಬಲಿಸುವುದು

ಪ್ರಾಯೋಜಕರು ಮೊದಲು ನೋಡುವುದು ವೀಕ್ಷಕರ ಸಂಖ್ಯೆ. ಟೂರ್ನಿಯನ್ನು ಅಧಿಕೃತ ಚಾನೆಲ್‌ನಲ್ಲಿಯೇ ನೋಡಿ, ಕದ್ದು ಮರುಪ್ರಸಾರ ಮಾಡುವ ಕಡೆ ಅಲ್ಲ. ಸಣ್ಣ ಆಟಗಾರನ ಪ್ರಸಾರಕ್ಕೆ ಮೊದಲ ಹತ್ತು ನಿಮಿಷದಲ್ಲೇ ಸೇರಿಕೊಳ್ಳಿ, ಚಾಟ್‌ನಲ್ಲಿ ಕನ್ನಡದಲ್ಲಿ ಬರೆಯಿರಿ. ಕನ್ನಡದಲ್ಲಿ ವೀಕ್ಷಕ ವಿವರಣೆ ಇದ್ದ ಕಡೆ ಅದನ್ನೇ ಆರಿಸಿ. ನೋಡುವವರಿದ್ದಾರೆ ಎಂದು ಲೆಕ್ಕದಲ್ಲಿ ಕಂಡರೆ ಮಾತ್ರ ಆಯೋಜಕರು ಮುಂದಿನ ಸಲವೂ ಕನ್ನಡ ಇಡುತ್ತಾರೆ. ಬಿಜಿಎಂಐ ನಡೆಸುವ ಕ್ರಾಫ್ಟನ್ ಇಂಡಿಯಾ ಕಚೇರಿ ಇರುವುದು ಬೆಂಗಳೂರಿನಲ್ಲಿಯೇ ಆದರೂ ಕನ್ನಡದ ವೀಕ್ಷಕರು ತಾವಿದ್ದೇವೆಂದು ತೋರಿಸಿಕೊಳ್ಳಬೇಕಾದ ಸ್ಥಿತಿ ಇದೆ. ನಿಮ್ಮ ಕಾಲೇಜಿನ ಉತ್ಸವದಲ್ಲಿ ಗೇಮಿಂಗ್ ಸ್ಪರ್ಧೆ ಇದ್ದರೆ ಹೋಗಿ ಕುಳಿತು ನೋಡಿ. ಆಟಗಾರನ ಒಳ್ಳೆಯ ಕ್ಷಣಗಳನ್ನು ಕತ್ತರಿಸಿ ಅವನ ಚಾನೆಲ್‌ನ ಕೊಂಡಿಯೊಂದಿಗೆ ಹಂಚಿ. 18 ತುಂಬದವರಿಗೆ ಇಷ್ಟು ಧಾರಾಳವಾಗಿ ಸಾಕು.

ಹಂತ 8: ನಿಲ್ಲಿಸುವುದು, ತಪ್ಪಾದರೆ ಸರಿಪಡಿಸುವುದು

ಆಟಗಾರ ದೊಡ್ಡ ಆರ್ಗ್ ಸೇರಿದರೆ ನಿಮ್ಮ ಚಂದಾವನ್ನು ರದ್ದು ಮಾಡಿ, ಅದೇ ಹಣವನ್ನು ಅವನು ಬಿಟ್ಟುಬಂದ ಹಳೆಯ ತಂಡದ ಹುಡುಗರಿಗೆ ತಿರುಗಿಸಿ. ಇದರಲ್ಲಿ ಯಾರಿಗೂ ದ್ರೋಹವಿಲ್ಲ. ಯೂಟ್ಯೂಬ್‌ನಲ್ಲಿ ‘ಖರೀದಿಗಳು ಮತ್ತು ಸದಸ್ಯತ್ವಗಳು’ ಭಾಗಕ್ಕೆ ಹೋಗಿ ರದ್ದು ಮಾಡಬಹುದು. ಚಾನೆಲ್ಲನ್ನು ಫಾಲೋ ಮಾಡುವುದನ್ನು ನಿಲ್ಲಿಸಿದ ಮಾತ್ರಕ್ಕೆ ಹಣದ ಕಡಿತ ನಿಲ್ಲುವುದಿಲ್ಲ.

ಸಿಟ್ಟಿನಿಂದ ಬ್ಯಾಂಕಿಗೆ ದೂರು ಕೊಟ್ಟು, ಇಷ್ಟಪಟ್ಟೇ ಕೊಟ್ಟ ಹಣವನ್ನು ವಾಪಸ್ ಎಳೆದುಕೊಳ್ಳಬೇಡಿ. ಆಟಗಾರ ಅಷ್ಟರಲ್ಲಿ ಅದನ್ನು ಖರ್ಚು ಮಾಡಿರಬಹುದು, ಮೇಲಾಗಿ ಪಾವತಿ ಕಂಪನಿ ಅವನಿಗೇ ದಂಡ ಹಾಕಬಹುದು.

ಮಗು ನಿಮಗೆ ತಿಳಿಯದೆ ಹಣ ಕಳುಹಿಸಿದ್ದರೆ ಮೊದಲು ಆಟಗಾರನನ್ನು ಬೈಯಲು ಹೋಗಬೇಡಿ, ಅವನಿಗೆ ಕೊಟ್ಟವರ ವಯಸ್ಸು ಗೊತ್ತಿರುವುದಿಲ್ಲ. ಆ ದಿನವೇ ಯೂಟ್ಯೂಬ್ ಅಥವಾ ಪ್ಲೇ ಸ್ಟೋರ್‌ನ ಮರುಪಾವತಿ ಅರ್ಜಿ ತುಂಬಿ, ಕಳುಹಿಸಿದ್ದು ಅಪ್ರಾಪ್ತ ಮಗು ಎಂದು ಬರೆಯಿರಿ. ಯುಪಿಐಯಿಂದ ಹೋಗಿದ್ದರೆ ಆಟಗಾರನ ಅಧಿಕೃತ ಇ-ಮೇಲ್‌ಗೆ ವಿನಯದಿಂದ ಬರೆಯಿರಿ. ನಂತರ ಫೋನ್‌ನ ಖರೀದಿಗೆ ಪಾಸ್‌ವರ್ಡ್ ಹಾಕಿ, ಯುಪಿಐ ಪಿನ್ ಬದಲಿಸಿ.

ನಕಲಿ ಚಾನೆಲ್‌ಗೆ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಇಲ್ಲವೇ ಕೇಂದ್ರ ಸರ್ಕಾರದ ರಾಷ್ಟ್ರೀಯ ಸೈಬರ್ ಅಪರಾಧ ದೂರು ಪೋರ್ಟಲ್‌ನಲ್ಲಿ ದಾಖಲಿಸಿ. ಹಣ ಮುಂದಿನ ಖಾತೆಗೆ ಜಾರುವ ಮೊದಲು ತಡೆಯಲು ಮೊದಲ ಕೆಲವು ಗಂಟೆಗಳೇ ಮುಖ್ಯ. ವಹಿವಾಟಿನ ಸಂಖ್ಯೆ, ಎದುರಿನ ಯುಪಿಐ ವಿಳಾಸ, ಚಾನೆಲ್‌ನ ಪೂರ್ಣ ವಿಳಾಸ, ಕ್ಯೂಆರ್ ಕೋಡ್ ಕಾಣುವ ಪರದೆಯ ಚಿತ್ರ, ಈ ನಾಲ್ಕನ್ನೂ ಕರೆ ಮಾಡುವ ಮೊದಲೇ ತೆಗೆದಿಟ್ಟುಕೊಳ್ಳಿ. ದೂರಿನ ಸುದ್ದಿ ತಿಳಿದೊಡನೆ ಅಂಥ ಚಾನೆಲ್‌ಗಳು ಅಳಿಸಿಹೋಗುತ್ತವೆ.